‘ಚಾಲಕನ ನಿಯಂತ್ರಣ ತಪ್ಪಿ...’ – ಗಡಗಡಿಸುವ ಹ್ಯಾಂಡಲ್ಲಿನ ಚರಿತ್ರೆ

‘ಚಾಲಕನ ನಿಯಂತ್ರಣ ತಪ್ಪಿ ಬೈಕ್ ಉರುಳಿಬಿದ್ದು...’ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಈ ಸಾಲನ್ನು ನೀವೂ ಎಷ್ಟು ಸಲ ಓದಿದ್ದೀರೋ ಲೆಕ್ಕವಿಲ್ಲ. ಊರು ಬೇರೆ, ಹೆಸರು ಬೇರೆ, ಸಾಲು ಮಾತ್ರ ಅದೇ. ಒಂದು ಕ್ಷಣ ಯೋಚಿಸಿ ನೋಡಿ, ಆ ಸಾಲಿನಲ್ಲಿ ಒಂದು ತೀರ್ಪೂ ಇದೆ. ತಪ್ಪಿದ್ದು ಚಾಲಕನದು, ಗಾಡಿಯದಲ್ಲ. ಬಿದ್ದ ಗಾಡಿಯನ್ನು ಠಾಣೆಯ ಕಾಂಪೌಂಡಿಗೆ ಎಳೆದು ನಿಲ್ಲಿಸುತ್ತಾರೆ. ಬ್ರೇಕ್ ಹಿಡಿಯುತ್ತಿತ್ತೋ ಇಲ್ಲವೋ ಅಂತ ಒಮ್ಮೆ ನೋಡಿದರೆ ದೊಡ್ಡದು. ಅದರ ಕೋನ್‌ಸೆಟ್ ಸಡಿಲವಿತ್ತಾ, ಹಿಂದಿನ ಬುಷ್ ಸವೆದಿತ್ತಾ ಅಂತ ಯಾರು ಕೇಳುತ್ತಾರೆ?

ಈ ಬರಹ ಆ ಕೇಳದ ಪ್ರಶ್ನೆಯ ಬಗ್ಗೆ. ಭಾರದ ಗಾಡಿಯೊಂದು ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ಹ್ಯಾಂಡಲ್ ನಡುಗಿಸುವುದು ಯಾಕೆ, ಅದನ್ನು ಮನುಷ್ಯರು ಹೇಗೆ ಪತ್ತೆ ಹಚ್ಚುತ್ತಾ ಬಂದರು ಅನ್ನುವ ಕತೆ. ಬೈಕಿನ ಬಗ್ಗೆ ಇಷ್ಟುದ್ದ ಬರೆದಿದ್ದಾನಲ್ಲ ಅಂತ ಬೈಕೋಬೇಡಿ :-) ಕವಿತೆ, ಲಲಿತ ಪ್ರಬಂಧಗಳ ನಡುವೆ ಗ್ರೀಸ್ ವಾಸನೆಯದ್ದೂ ಒಂದಿರಲಿ.

ನಾನಿರುವುದು ಸಿಂಗಸಂದ್ರದಲ್ಲಿ. ಹೆಸರಿನ ಕೊನೆಯ ‘ಸಂದ್ರ’ ಅಂದರೆ ಸಮುದ್ರ, ಅಂದರೆ ಕೆರೆ. ಹೊಂಗಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರ... ಹೊಸೂರು ರಸ್ತೆಯ ಉದ್ದಕ್ಕೂ ಹೀಗೆ ಕೆರೆಗಳ ಹೆಸರು ಹೊತ್ತ ಊರುಗಳು. ಈಗ ಇಲ್ಲಿ ನೀರಿಗಿಂತ ಗಾಡಿಗಳ ಹೊಳೆ ದೊಡ್ಡದು. 2010ರ ಜನವರಿಯಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು ಹತ್ತು ಕಿಲೋಮೀಟರಿನ ಮೇಲ್ಸೇತುವೆ ತಲೆಯ ಮೇಲೆ ಬಂತು. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಕೂಡ ಓಡುತ್ತಿದೆ, ಸಿಂಗಸಂದ್ರಕ್ಕೇ ಒಂದು ನಿಲ್ದಾಣ ಸಿಕ್ಕಿತು. ಆದರೂ ಶನಿವಾರ ಬೆಳಗಿನ ಜಾವ ಐದಕ್ಕೆ ಎದ್ದು ಬಾಲ್ಕನಿಗೆ ಬಂದರೆ ಕೇಳುವ ಸದ್ದು ಬೇರೆ: ಡಗ್ ಡಗ್ ಡಗ್ ಎನ್ನುತ್ತಾ ಹೊಸೂರು, ಕೃಷ್ಣಗಿರಿ ಕಡೆ ಹೊರಟ ಬುಲೆಟ್ಟುಗಳ ಸಾಲು. ಎರಡೂ ಪಕ್ಕ ಚೀಲ, ಹಿಂದೆ ಡಬ್ಬಿ, ಅದರ ಮೇಲೆ ಹಗ್ಗ ಬಿಗಿದ ಇನ್ನೊಂದು ಚೀಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತವರು ಎರಡು ದಿನ ಗಾಳಿ ಕುಡಿಯಲು ಹೊರಟಿರುತ್ತಾರೆ. ಅವರೆಲ್ಲ ಭಾನುವಾರ ಸಂಜೆ ಕ್ಷೇಮವಾಗಿ ಮನೆ ಸೇರಲಿ ಅನ್ನುವುದೇ ಈ ಬರಹದ ಹಿಂದಿನ ಆಸೆ.

*

ಕತೆ ಶುರುವಾಗುವುದು ಸೈಕಲ್ಲಿನಿಂದ.

ಸೈಕಲ್ ಯಾಕೆ ಬೀಳುವುದಿಲ್ಲ? ಮಕ್ಕಳು ಕೇಳುವ ಈ ಪ್ರಶ್ನೆಗೆ ಗಣಿತದಲ್ಲಿ ಗಟ್ಟಿಯಾಗಿ ಉತ್ತರ ಹುಡುಕಿದವರಲ್ಲಿ ಮೊದಲಿಗ ಕೇಂಬ್ರಿಜ್‌ನ ತರುಣ ಫ್ರಾನ್ಸಿಸ್ ವಿಪಲ್. 1899ರಲ್ಲಿ ಅವನು ಸೈಕಲ್ಲಿನ ಚಲನೆಯ ಸಮೀಕರಣಗಳನ್ನು ಬರೆದ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಕಾರ್ವಾಯೋ ಎಂಬಾತನೂ ಇದೇ ಕೆಲಸದಲ್ಲಿದ್ದ. ಅವರ ಲೆಕ್ಕದ ಪ್ರಕಾರ ಒಂದು ವೇಗದ ಮಿತಿಯೊಳಗೆ ಸೈಕಲ್ ತನ್ನಷ್ಟಕ್ಕೆ ತಾನೇ ನೆಟ್ಟಗೆ ಓಡಬಲ್ಲದು. ಅದಕ್ಕಿಂತ ನಿಧಾನವಾದರೆ ಹಾವಿನ ಹಾಗೆ ಅತ್ತಿತ್ತ ಓಲಾಡುತ್ತದೆ, ಜೋರಾದರೆ ಮೆಲ್ಲಗೆ ಒಂದು ಕಡೆ ವಾಲುತ್ತದೆ.

ಆದರೆ ‘ಯಾಕೆ’ ಎನ್ನುವುದು ಮುಗಿಯಲಿಲ್ಲ. ತಿರುಗುವ ಚಕ್ರ ಬುಗುರಿಯಂತೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ ಅಂತ ಬಹಳ ಜನ ನಂಬಿದ್ದರು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿಗೆ ಒಂದು ತಮಾಷೆ ಹೊಳೆಯಿತು. ಓಡಿಸಲಾಗದಂಥ ಸೈಕಲ್ ಮಾಡಿ ನೋಡೋಣ ಅಂತ ಹೊರಟ. ಮುಂದಿನ ಚಕ್ರದ ಪಕ್ಕ ಉಲ್ಟಾ ತಿರುಗುವ ಇನ್ನೊಂದು ಚಕ್ರ ಕೂರಿಸಿ ಬುಗುರಿ ಗುಣವನ್ನು ಕಳೆದುಹಾಕಿದ. ಸೈಕಲ್ ಆರಾಮಾಗಿ ಓಡಿತು! ಕೊನೆಗೆ ಫೋರ್ಕಿನ ಜ್ಯಾಮಿತಿಯನ್ನೇ ಬದಲಿಸಿ ಮುಂದಿನ ಚಕ್ರವನ್ನು ಇನ್ನೂ ಮುಂದಕ್ಕೆ ಸರಿಸಿದಾಗ ಮಾತ್ರ ಅದು ಮೊಂಡುಬಿತ್ತು.

ಜೋನ್ಸ್ ಬೆರಳಿಟ್ಟು ತೋರಿಸಿದ ಆ ಅಂಶಕ್ಕೆ ‘ಟ್ರೇಲ್’ ಅನ್ನುತ್ತಾರೆ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯ ಪುಟ್ಟ ಚಕ್ರ ನೆನಪಿಸಿಕೊಳ್ಳಿ. ಅದರ ತಿರುಗುಗೂಟ ಮುಂದಿರುತ್ತದೆ, ಚಕ್ರ ನೆಲ ಮುಟ್ಟುವ ಜಾಗ ಹಿಂದಿರುತ್ತದೆ. ಅದಕ್ಕೇ ತಳ್ಳಿದ ಕಡೆ ಚಕ್ರ ತಾನೇ ಹಿಂಬಾಲಿಸುತ್ತದೆ. ಬೈಕಿನ ಮುಂದಿನ ಚಕ್ರವೂ ಹಾಗೆಯೇ. ಹ್ಯಾಂಡಲ್ಲಿನ ಅಕ್ಷವನ್ನು ಕೆಳಕ್ಕೆ ಎಳೆದು ನೋಡಿದರೆ ಅದು ನೆಲಕ್ಕೆ ತಾಗುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಹತ್ತು ಸೆಂಟಿಮೀಟರಿನಷ್ಟು ಹಿಂದಿರುತ್ತದೆ. ಗಾಡಿ ನೆಟ್ಟಗಾಗುವುದರಲ್ಲಿ ಇದರದ್ದು ದೊಡ್ಡ ಪಾಲು. (ಟ್ರೇಲೂ ಬೇಡ, ಬುಗುರಿ ಗುಣವೂ ಬೇಡ, ತೂಕವನ್ನು ಸರಿಯಾದ ಜಾಗದಲ್ಲಿಟ್ಟರೆ ಸೈಕಲ್ ತಾನಾಗಿ ನಿಲ್ಲಬಲ್ಲದು ಅಂತ 2011ರಲ್ಲಿ ಹಾಲೆಂಡ್ ಮತ್ತು ಅಮೆರಿಕದ ಸಂಶೋಧಕರು ಒಂದು ವಿಚಿತ್ರ ಸೈಕಲ್ ಮಾಡಿಯೇ ತೋರಿಸಿದರು. ಸೈಕಲ್ಲಿನಂಥ ಸೈಕಲ್ಲೇ ಇಷ್ಟು ಆಟ ಆಡಿಸುತ್ತೆ ನೋಡಿ.)

ಆ ತಳ್ಳುಗಾಡಿಯ ಚಕ್ರದ್ದೇ ಇನ್ನೊಂದು ಗುಣವನ್ನೂ ನೀವು ನೋಡಿರುತ್ತೀರಿ. ಸ್ವಲ್ಪ ಜೋರಾಗಿ ತಳ್ಳಿದರೆ ಪಟಪಟ ಪಟಪಟ ಅಂತ ಒದ್ದಾಡಲು ಶುರು ಮಾಡುತ್ತದೆ. ತನ್ನ ಜಾಗಕ್ಕೆ ಮರಳಲು ಹೋಗಿ ಆ ಕಡೆ ದಾಟುತ್ತದೆ, ಮತ್ತೆ ಮರಳುತ್ತದೆ, ಈ ಕಡೆ ದಾಟುತ್ತದೆ. ಅಂದರೆ ಗಾಡಿಯನ್ನು ನೆಟ್ಟಗಿಡುವ ಗುಣವೇ ಅದನ್ನು ನಡುಗಿಸಲೂ ಬಲ್ಲದು. ಇದೊಂದು ಮಾತು ನೆನಪಿರಲಿ, ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ.

*

ಸೈಕಲ್ಲಿಗೆ ಎಂಜಿನ್ ಕಟ್ಟಿದಾಗ ತೂಕ ಬಂತು, ವೇಗ ಬಂತು, ನಡುಕವೂ ಬಂತು. ಮೊದಮೊದಲು ಇದಕ್ಕೆ ಇದ್ದ ಮದ್ದು ಬಲು ಸರಳ. ಹಳೆಯ ಬ್ರಿಟಿಷ್ ಗಾಡಿಗಳ ಹ್ಯಾಂಡಲ್ ನಡುವೆ ಒಂದು ದೊಡ್ಡ ತಿರುಪು ಇರುತ್ತಿತ್ತು. ಅದು ಸ್ಟೀರಿಂಗ್ ಡ್ಯಾಂಪರ್. ತಿರುಗಿಸಿದರೆ ಒಳಗಿನ ಬಿಲ್ಲೆಗಳು ಒತ್ತಿ ಹ್ಯಾಂಡಲ್ ಬಿಗಿಯಾಗುತ್ತಿತ್ತು. ನಡುಗಿದರೆ ತಿರುಪು ಬಿಗಿ ಮಾಡು, ಅಷ್ಟೇ!

ಆಮೇಲೆ ಮುಂದಿನ ಫೋರ್ಕಿನ ಕಾಲ ಬಂತು. 1935ರಲ್ಲಿ ಬಿಎಂಡಬ್ಲ್ಯು ಆರ್12ಕ್ಕೆ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಹಾಕಿತು. ಇವತ್ತು ನಮ್ಮ ಬಹುಪಾಲು ಬೈಕುಗಳ ಮುಂದೆ ಇರುವುದು ಅದರ ಮರಿಮಕ್ಕಳೇ. ಮುಂದಿನದು ಹಿಂದಿನ ಚಕ್ರದ ಸರದಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್‌ಲೆಸ್ ಎಂಬಾತ ಹಿಂದಿನ ಸ್ವಿಂಗ್ ಆರ್ಮ್ ಮತ್ತು ಎರಡು ಸುತ್ತು ಕೊಳವೆಯ ಹೊಸ ಬಗೆಯ ಫ್ರೇಮನ್ನು ನಾರ್ಟನ್ ಕಂಪನಿಗೆ ಮಾಡಿಕೊಟ್ಟ. ಅದನ್ನು ಓಡಿಸಿದ ರೇಸುಗಾರ ಹೆರಾಲ್ಡ್ ಡ್ಯಾನಿಯಲ್ ಗರಿಯ ಹಾಸಿಗೆಯ ಮೇಲೆ ಕೂತಂತಿದೆ ಅಂದನಂತೆ. ಹಾಗಾಗಿ ಅದರ ಹೆಸರೇ ‘ಫೆದರ್‌ಬೆಡ್’ ಆಯಿತು. 1950ರ ಐಲ್ ಆಫ್ ಮ್ಯಾನ್ ಸೀನಿಯರ್ ರೇಸಿನಲ್ಲಿ ಮೊದಲ ಮೂರು ಸ್ಥಾನವೂ ನಾರ್ಟನ್‌ಗೆ. ಹೆಚ್ಚು ಕುದುರೆಶಕ್ತಿಯ ಗಾಡಿಗಳನ್ನು ಈ ಗಾಡಿ ಸೋಲಿಸಿದ್ದು ಎಂಜಿನ್ನಿನಿಂದಲ್ಲ, ಅಲುಗಾಡದ ಬೆನ್ನೆಲುಬಿನಿಂದ. ನಿಯಂತ್ರಣ ತಪ್ಪುವುದು ಸವಾರನ ಕೈಯಲ್ಲಿ ಮಾತ್ರ ಅಲ್ಲ, ಫ್ರೇಮಿನಲ್ಲೂ ಇದೆ ಅಂತ ಇಡೀ ಉದ್ಯಮಕ್ಕೆ ಗೊತ್ತಾಗಿದ್ದು ಆಗ.

ಅದೇ ನಾರ್ಟನ್ ಇನ್ನೊಂದು ಪಾಠವನ್ನೂ ಕಲಿಸಿತು. 1967ರಲ್ಲಿ ಬಂದ ‘ಕಮಾಂಡೋ’ದಲ್ಲಿ ಎಂಜಿನ್ನಿನ ಗಡಗಡ ಸವಾರನಿಗೆ ತಾಗದಿರಲಿ ಅಂತ ಎಂಜಿನ್, ಗೇರ್ ಬಾಕ್ಸ್, ಹಿಂದಿನ ಸ್ವಿಂಗ್ ಆರ್ಮ್ ಎಲ್ಲವನ್ನೂ ಒಟ್ಟಿಗೆ ರಬ್ಬರಿನ ಮೇಲೆ ಕೂರಿಸಿದ್ದರು. ಐಸೋಲ್ಯಾಸ್ಟಿಕ್ ಅಂತ ಅದರ ಹೆಸರು. ಸವಾರಿ ರೇಷ್ಮೆಯಂತಾಯಿತು. ಆದರೆ ಒಂದು ಷರತ್ತು: ಆ ರಬ್ಬರಿನ ಅಕ್ಕಪಕ್ಕದ ಸಂದನ್ನು ತೆಳ್ಳನೆಯ ಬಿಲ್ಲೆಗಳಿಂದ, ಕೂದಲೆಳೆಯ ಲೆಕ್ಕದಲ್ಲಿ ಕೂರಿಸಬೇಕು. ಅದು ಸವೆದು ಸಡಿಲವಾದರೆ ಹಿಂದಿನ ಚಕ್ರ ಒಂದು ಕಡೆ, ಮುಂದಿನದು ಇನ್ನೊಂದು ಕಡೆ ನೋಡುತ್ತಿತ್ತು, ಗಾಡಿ ಓಲಾಡುತ್ತಿತ್ತು. ಹೊಸದರಲ್ಲಿ ಹೊಗಳಿದ ಗಾಡಿಯನ್ನೇ ಹಳೆಯದಾದ ಮೇಲೆ ಬೈಯುವವರಿದ್ದರು. ವ್ಯತ್ಯಾಸ ಇದ್ದದ್ದು ಒಂದೆರಡು ಬಿಲ್ಲೆಗಳಲ್ಲಿ.

ಅಂದ ಹಾಗೆ, ಇವತ್ತು ಆ ನಾರ್ಟನ್ ಯಾರದು ಗೊತ್ತಾ? 2020ರ ಏಪ್ರಿಲ್‌ನಲ್ಲಿ ಅದನ್ನು 1.6 ಕೋಟಿ ಪೌಂಡಿಗೆ ಕೊಂಡಿದ್ದು ಟಿವಿಎಸ್. 1980ರಲ್ಲಿ ನಮ್ಮ ಅಪ್ಪ-ಚಿಕ್ಕಪ್ಪಂದಿರ ಟಿವಿಎಸ್ 50 ಹೊರಬಿದ್ದ ಅದೇ ಹೊಸೂರಿನ ಕಾರ್ಖಾನೆಯ ಒಡೆಯರು. ಸಿಂಗಸಂದ್ರದಿಂದ ಇದೇ ರಸ್ತೆ ಹಿಡಿದು ಅತ್ತಿಬೆಲೆ ದಾಟಿದರೆ ಹೊಸೂರು. ಫೆದರ್‌ಬೆಡ್ಡಿನ ವಾರಸುದಾರಿಕೆ ಬೆಲ್‌ಫಾಸ್ಟಿನಿಂದ ಸುತ್ತಿ ಸುತ್ತಿ ನಮ್ಮ ರಸ್ತೆಗೇ ಬಂದು ಸೇರಿತು!

*

ನಮ್ಮಲ್ಲಿ ಆಗಿದ್ದೇನು?

ಸ್ವಾತಂತ್ರ್ಯ ಬಂದ ಮೇಲೆ ಗಡಿ ಕಾಯಲು ಗಟ್ಟಿ ಗಾಡಿ ಬೇಕಾಯಿತು. 1954ರಲ್ಲಿ ಸರ್ಕಾರ 350 ಸಿಸಿಯ 800 ಬುಲೆಟ್‌ಗಳಿಗೆ ಆರ್ಡರ್ ಕೊಟ್ಟಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಇಂಗ್ಲೆಂಡಿನ ರೆಡಿಚ್‌ನಿಂದ ಬಂದ ಈ ಬುಲೆಟ್ಟಿಗೆ ಹಿಂದೆ ಸ್ವಿಂಗ್ ಆರ್ಮ್ ಇತ್ತು. 1940ರ ದಶಕದ ಕೊನೆಗೆ ಅದು ಹೊಸತು. ತಾಯಿಮನೆಯಲ್ಲಿ ಕಂಪನಿ ಮುಚ್ಚಿಹೋದ ಮೇಲೂ ಇಲ್ಲಿ ಅದೇ ವಿನ್ಯಾಸ ದಶಕಗಟ್ಟಲೆ ಮುಂದುವರಿಯಿತು.

ನಮ್ಮ ಕರ್ನಾಟಕದ ಪಾಲು ಮೈಸೂರಿನದು. 1960ರಲ್ಲಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮರುವರ್ಷ ಯಾದವಗಿರಿಯ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರೇ ಉದ್ಘಾಟಿಸಿದರು. ಚೆಕ್ ದೇಶದ ಜಾವಾ 250 ಮೈಸೂರಿನಲ್ಲಿ ತಯಾರಾಗತೊಡಗಿತು. 1973ರ ಹೊತ್ತಿಗೆ ಅದು ‘ಯೆಜ್ಡಿ’ ಆಯಿತು, 1996ರಲ್ಲಿ ಬಾಗಿಲು ಹಾಕಿತು. ಒಂದೇ ಕಡ್ಡಿಯಲ್ಲಿ ಕಿಕ್ಕೂ ಹೊಡೆದು ಗೇರೂ ಹಾಕುವ ಆ ಗಾಡಿಗಳನ್ನು ಕಂಡು ಬಾಯಿ ಬಿಟ್ಟು ನಿಂತವರು ನಮ್ಮಲ್ಲಿ ಎಷ್ಟೋ ಜನ ಇದ್ದೇವೆ. ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು-ಮೈಸೂರುಗಳಲ್ಲಿ ‘ಜಾವಾ ದಿನ’ದ ನೆಪದಲ್ಲಿ ಈಗಲೂ ಸೇರುತ್ತಾರೆ.

ಆ ಕಾಲದ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ವೇಗವೇ ಕಡಿಮೆ. ಐವತ್ತು ಅರವತ್ತಕ್ಕೆ ಹೋದರೆ ಹೆಚ್ಚು. ನಡುಕ ಬಂದರೂ ಅದು ಗುಂಡಿಯದ್ದೋ ಗಾಡಿಯದ್ದೋ ಗೊತ್ತಾಗುತ್ತಿರಲಿಲ್ಲ! ಆಮೇಲೆ ನಾಲ್ಕು ಪಥ, ಆರು ಪಥದ ಹೆದ್ದಾರಿಗಳು ಬಂದವು. ರಸ್ತೆ ನುಣುಪಾಯಿತು, ಗಾಡಿ ತೊಂಬತ್ತು ನೂರು ಮುಟ್ಟಿತು. ಹಳೆಯ ವಿನ್ಯಾಸದ ಭಾರದ ಗಾಡಿ, ಹೊಸ ವೇಗದ ರಸ್ತೆ, ಮೇಲಿಂದ ಲಡಾಖ್ ಕ್ಯಾರಿಯರ್ ತುಂಬ ಸಾಮಾನು. ಅಡಗಿದ್ದ ರೋಗಗಳೆಲ್ಲ ಎದ್ದು ಕೂತಿದ್ದು ಈಗ.

ಬುಲೆಟ್ ಕಂಪನಿಗೂ ಇದು ಗೊತ್ತಾಗದೆ ಇರಲಿಲ್ಲ. 2013ರ ಕಾಂಟಿನೆಂಟಲ್ ಜಿಟಿಗೆ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಜೊತೆ ಸೇರಿ ಹೊಸ ಫ್ರೇಮ್ ಮಾಡಿಸಿದರು, 2015ರಲ್ಲಿ ಆ ಸಂಸ್ಥೆಯನ್ನೇ ಕೊಂಡುಕೊಂಡರು. 2018ರಲ್ಲಿ ಬಂದ 650 ಗಾಡಿಗಳ ಫ್ರೇಮಿನ ಹಿಂದೆಯೂ ಅವರ ಕೈಯಿದೆ. ಆದರೆ ಹಳೆಯ ಬುಲೆಟ್ಟುಗಳು ರಸ್ತೆಯಲ್ಲಿ ಇನ್ನೂ ಲಕ್ಷಗಟ್ಟಲೆ ಇವೆ, ಅವಕ್ಕೆ ಹೊಸ ಫ್ರೇಮ್ ಯಾರು ಹಾಕುತ್ತಾರೆ?

*

ಈಗ ಕತೆಯ ನಡುಗಂಬ. 1971ರಲ್ಲಿ ರಾಬಿನ್ ಶಾರ್ಪ್ ಎಂಬ ಇಂಗ್ಲಿಷ್ ಎಂಜಿನಿಯರ್ ಮೋಟಾರ್ ಸೈಕಲ್ಲಿನ ಸ್ಥಿರತೆಯ ಮೇಲೆ ಒಂದು ಪ್ರಬಂಧ ಬರೆದರು. ವಿಪಲ್‌ನ ಸಮೀಕರಣಗಳಿಗೆ ಟೈರಿನ ಗುಣವನ್ನೂ ಸೇರಿಸಿ ಲೆಕ್ಕ ಹಾಕಿದರು. ಅಲ್ಲಿಯವರೆಗೆ ‘ಗಾಡಿ ಅಲ್ಲಾಡುತ್ತೆ’ ಅನ್ನುತ್ತಿದ್ದ ಒಂದೇ ರೋಗ ಅಲ್ಲಿ ಮೂರಾಗಿ ಒಡೆಯಿತು.

ಒಂದು, ಮೆಲ್ಲಗೆ ಪಕ್ಕಕ್ಕೆ ವಾಲುವುದು. ಇದನ್ನು ಸವಾರ ತನಗೇ ಗೊತ್ತಿಲ್ಲದಂತೆ ಸರಿಪಡಿಸಿಕೊಳ್ಳುತ್ತಾನೆ, ಚಿಂತೆಯಿಲ್ಲ.

ಎರಡು, ‘ವಾಬಲ್’. ಮುಂದಿನ ಚಕ್ರ ಮತ್ತು ಹ್ಯಾಂಡಲ್ ಮಾತ್ರ ಪಟಪಟ ನಡುಗುವುದು. ಥೇಟ್ ತಳ್ಳುಗಾಡಿಯ ಚಕ್ರದ ಹಾಗೆ. ಸೆಕೆಂಡಿಗೆ ಆರರಿಂದ ಹತ್ತು ಸಲ.

ಮೂರು, ‘ವೀವ್’. ಇಡೀ ಗಾಡಿ, ಸವಾರನ ಸಮೇತ, ಮೀನಿನ ಬಾಲದ ಹಾಗೆ ಓಲಾಡುವುದು. ಸೆಕೆಂಡಿಗೆ ಎರಡು ಮೂರು ಸಲ. ವೇಗ ಹೆಚ್ಚಿದಂತೆ ಇದೂ ಜೋರು.

ಎರಡೂ ಅಲ್ಲಾಟವೇ ಆದರೂ ಊರು ಬೇರೆ ಬೇರೆ. ವಾಬಲ್ ಹೆಚ್ಚಾಗಿ ಮುಂದಿನ ಮನೆಯದ್ದು, ಅರವತ್ತು ಎಂಬತ್ತರ ವೇಗದಲ್ಲೂ ಬರುತ್ತದೆ. ವೀವ್ ಹೆಚ್ಚಾಗಿ ಹಿಂದಿನ ಮನೆಯದ್ದು, ಜೋರು ಓಟದಲ್ಲಿ ಬರುತ್ತದೆ. ಹಿಂದೆ ಎತ್ತರದಲ್ಲಿ ಸಾಮಾನು ಹೇರಿದಷ್ಟೂ, ಸ್ವಿಂಗ್ ಆರ್ಮ್ ಸಡಿಲವಾದಷ್ಟೂ ಬೇಗ ಬರುತ್ತದೆ.

ಶಾರ್ಪ್ ಲೆಕ್ಕದಲ್ಲಿ ನನಗೆ ಬಲು ಹಿಡಿಸಿದ ವಿಷಯ ಇನ್ನೊಂದಿದೆ. ಆ ಹಳೆಯ ತಿರುಪು, ಸ್ಟೀರಿಂಗ್ ಡ್ಯಾಂಪರ್, ವಾಬಲ್ಲನ್ನು ತಗ್ಗಿಸುತ್ತದೆ ನಿಜ. ಆದರೆ ಜೋರು ವೇಗದಲ್ಲಿ ಅದೇ ತಿರುಪು ವೀವನ್ನು ಹೆಚ್ಚಿಸುತ್ತದೆ! ನಡುಕ ಬಂದಾಗೆಲ್ಲ ತಿರುಪು ಬಿಗಿ ಮಾಡುತ್ತಿದ್ದ ಅಷ್ಟು ವರ್ಷಗಳಲ್ಲಿ ಎಷ್ಟು ಜನ ಒಂದು ರೋಗಕ್ಕೆ ಮದ್ದು ಕುಡಿದು ಇನ್ನೊಂದನ್ನು ಬರಮಾಡಿಕೊಂಡರೋ. ರೋಗದ ಹೆಸರು ಗೊತ್ತಾಗದೆ ಮದ್ದು ಕೊಡಬಾರದು ಅನ್ನುವುದು ಆಸ್ಪತ್ರೆಗೆ ಮಾತ್ರ ಸೇರಿದ ಮಾತಲ್ಲ.

ಇನ್ನು ‘ಕೈ ಬಿಗಿ ಹಿಡಿದಿದ್ದರೆ ಬೀಳುತ್ತಿರಲಿಲ್ಲ’ ಅನ್ನುವವರಿಗೆ ಒಂದು ಚಿಕ್ಕ ಲೆಕ್ಕ. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಡಿ ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಓಡುತ್ತದೆ. ಅಷ್ಟರಲ್ಲಿ ಹ್ಯಾಂಡಲ್ ಎಂಟು ಸಲ ಅತ್ತಿತ್ತ ಆಡಿರುತ್ತದೆ. ಕಣ್ಣು ಕಂಡು, ತಲೆ ತಿಳಿದು, ಕೈ ಅಲುಗಲು ನಮಗೆ ಬೇಕಾಗುವುದು ಹೆಚ್ಚುಕಮ್ಮಿ ಕಾಲು ಸೆಕೆಂಡ್. ಅಂದರೆ ನಮ್ಮ ಕೈ ತಿದ್ದಲು ಹೊರಡುವ ಹೊತ್ತಿಗೆ ಎರಡು ಆಟ ಮುಗಿದಿರುತ್ತದೆ. ತಡವಾಗಿ ಬಂದ ತಿದ್ದುಪಡಿ ಮುಂದಿನ ನಡುಕಕ್ಕೆ ತಳ್ಳು ಕೊಡುವುದೇ ಹೆಚ್ಚು. ‘ನಿಯಂತ್ರಣ’ ಅನ್ನುವ ಮಾತಿಗೆ ಅಲ್ಲಿ ಅರ್ಥವೇ ಇಲ್ಲ.

ಇದಕ್ಕೆ ಸಾಕ್ಷಿಯಾಗಿ ಬ್ರಿಟನ್ನಿನ ಒಂದು ಪ್ರಸಂಗ. ಅಲ್ಲಿನ ಪೊಲೀಸರ ಬಳಿ ಹೋಂಡಾ ಎಸ್‌ಟಿ1300 ಪ್ಯಾನ್ ಯೂರೋಪಿಯನ್ ಎಂಬ ದೊಡ್ಡ ಟೂರಿಂಗ್ ಗಾಡಿ ಇತ್ತು. ಪೊಲೀಸ್ ಸವಾರನೊಬ್ಬ ಸತ್ತ ಮೇಲೆ ವಿಚಾರಣೆ ನಡೆಯಿತು. ಸಲಕರಣೆ ಹೇರಿದ ಗಾಡಿ ಅತಿವೇಗದಲ್ಲಿ ಓಲಾಡುತ್ತದೆ ಎಂಬ ದೂರುಗಳು ಚರ್ಚೆಗೆ ಬಂದವು. 2007ರಲ್ಲಿ ಹಲವು ಪೊಲೀಸ್ ಪಡೆಗಳು ಆ ಗಾಡಿಯನ್ನು ಬಳಕೆಯಿಂದ ತೆಗೆದವು. ನೋಡಿ, ಅವರು ಸಾಮಾನ್ಯ ಸವಾರರಲ್ಲ, ವಿಶೇಷ ತರಬೇತಿ ಪಡೆದವರು. ‘ಚಾಲಕನ ನಿಯಂತ್ರಣ ತಪ್ಪಿ’ ಅಂತ ಬರೆದು ಕೈತೊಳೆದುಕೊಳ್ಳಲು ಅಲ್ಲಿ ಆಗಲಿಲ್ಲ. ಬಿದ್ದವನು ಪೊಲೀಸನಾದ್ದರಿಂದ ಗಾಡಿಯನ್ನೂ ಕಟಕಟೆಗೆ ತಂದರು. ನಮ್ಮ ಶನಿವಾರದ ಹುಡುಗ ಬಿದ್ದರೆ ಆ ಮರ್ಯಾದೆ ಅವನಿಗಿಲ್ಲ.

*

ಪತ್ತೆ ಹಚ್ಚುವ ವಿದ್ಯೆ ಪುಸ್ತಕದಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಸಿಂಗಸಂದ್ರದ ಒಳರಸ್ತೆಯಲ್ಲಿ ನಮ್ಮ ಕಡೆಯ ಗಾಡಿಗಳನ್ನೆಲ್ಲ ನೋಡುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಗಾಡಿ ಅಲ್ಲಾಡುತ್ತೆ ಅಂತ ಯಾರೇ ಬಂದರೂ ಸ್ಪ್ಯಾನರ್ ಮುಟ್ಟುವ ಮೊದಲು ಕೇಳುವುದು ಒಂದೇ:

“ಕೈಗೆ ಬರುತ್ತಾ ಸಾರ್, ಸೀಟಿಗೆ ಬರುತ್ತಾ?”

ಶಾರ್ಪ್ ಅವರ ಪ್ರಬಂಧವನ್ನು ಇವರು ಓದಿರಲಿಕ್ಕಿಲ್ಲ. ಆದರೆ ವಾಬಲ್ ಮತ್ತು ವೀವ್‌ಗಳ ವ್ಯತ್ಯಾಸವನ್ನು ಐದು ಪದದಲ್ಲಿ ಇಷ್ಟು ಚೆನ್ನಾಗಿ ನಾನು ಬೇರೆಲ್ಲೂ ಕೇಳಿಲ್ಲ. ಕೈಗೆ ಬಂದರೆ ಮುಂದಿನಿಂದ ಶುರು, ಸೀಟಿಗೆ ಬಂದರೆ ಹಿಂದಿನಿಂದ ಶುರು. ಅವರು ನೋಡುವ ಕ್ರಮವನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ನಿಮಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕಾಸು ಖರ್ಚಿಲ್ಲದ್ದು. ಸಾಮಾನೆಲ್ಲ ಇಳಿಸಿ ಓಡಿಸಿ ನೋಡಿ. ನಡುಕ ಹೋಯಿತಾ? ಹಾಗಾದರೆ ಅರ್ಧ ಉತ್ತರ ಸಿಕ್ಕಿತು. ಭಾರ ಹಿಂದಿನ ಆಕ್ಸಲ್ಲಿಗಿಂತ ಹಿಂದೆ, ಎತ್ತರದಲ್ಲಿ ಇದ್ದರೆ ಮುಂದಿನ ಚಕ್ರ ಹಗುರಾಗುತ್ತದೆ. ಭಾರದ್ದನ್ನು ಕೆಳಗೆ ಮತ್ತು ಮುಂದೆ ಕಟ್ಟಿ, ಹಗುರದ್ದನ್ನು ಮೇಲೆ ಇಡಿ. ಎಡ ಬಲ ತೂಕ ಒಂದೇ ಇರಲಿ.

ಎರಡನೆಯದು ಗಾಳಿ ಮತ್ತು ಟೈರು. ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಹೆದ್ದಾರಿಯಲ್ಲಿ ನೇರಕ್ಕೆ ಓಡಿ ಓಡಿ ಹಿಂದಿನ ಟೈರು ನಡುವೆ ಚಪ್ಪಟೆಯಾಗಿದ್ದರೆ, ಮುಂದಿನದು ಅಲೆ ಅಲೆಯಾಗಿ ಸವೆದಿದ್ದರೆ ಬೇರೇನೂ ಹುಡುಕುವ ಮೊದಲು ಅದನ್ನು ಬದಲಿಸಿ. ಬೆರಳಾಡಿಸಿದರೆ ಗೊತ್ತಾಗುತ್ತದೆ.

ಮೂರನೆಯದು ಚಕ್ರ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ, ರಿಮ್ ಓಲಾಡುತ್ತದಾ ನೋಡಿ. ಸ್ಪೋಕ್ ಕಡ್ಡಿಗಳ ಮೇಲೆ ಸ್ಪ್ಯಾನರಿನಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಬಿಗಿ ಇದ್ದದ್ದು ‘ಟಿಣ್’ ಅನ್ನುತ್ತದೆ, ಸಡಿಲವಾದದ್ದು ಮೂಕವಾಗಿರುತ್ತದೆ. ಚಕ್ರವನ್ನು ಎರಡು ಕಡೆ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ, ಆಟ ಸಿಕ್ಕರೆ ಬೇರಿಂಗ್ ಹೋಗಿದೆ.

ನಾಲ್ಕನೆಯದು ಕೋನ್‌ಸೆಟ್. ಎಂಜಿನ್ ಕೆಳಗೆ ಆಸರೆ ಕೊಟ್ಟು ಮುಂದಿನ ಚಕ್ರ ಎತ್ತಿ. ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ‘ಕಟ್’ ಅಂದರೆ ಸಡಿಲ. ಆಮೇಲೆ ಹ್ಯಾಂಡಲ್ಲನ್ನು ಒಂದು ಬೆರಳಿನಿಂದ ಎಡದಿಂದ ಬಲಕ್ಕೆ ತಳ್ಳಿ. ನೇರಕ್ಕೆ ಬಂದಾಗ ಗುಂಡಿಯಲ್ಲಿ ಕೂತಂತೆ ತಡೆದರೆ ಒಳಗಿನ ಗುಂಡುಗಳು ಬಟ್ಟಲಿನಲ್ಲಿ ಹಳ್ಳ ಮಾಡಿವೆ, ಬಿಗಿ ಮಾಡಿ ಪ್ರಯೋಜನವಿಲ್ಲ, ಸೆಟ್ಟೇ ಬದಲಿಸಬೇಕು. ಸಡಿಲ ಅಂತ ವಿಪರೀತ ಬಿಗಿ ಮಾಡಿದರೂ ಕಷ್ಟ, ನಿಧಾನದಲ್ಲಿ ಗಾಡಿ ಕುಡಿದವನಂತೆ ಅತ್ತಿತ್ತ ಹೋಗುತ್ತದೆ.

ಐದನೆಯದು ಹಿಂದಿನ ಸ್ವಿಂಗ್ ಆರ್ಮ್. ಹಿಂದಿನ ಚಕ್ರದ ಹತ್ತಿರ ಆರ್ಮ್ ಹಿಡಿದು ಅಡ್ಡಕ್ಕೆ ಜಗ್ಗಿ. ಬುಷ್ ಸವೆದಿದ್ದರೆ ಕೈಗೇ ತಿಳಿಯುತ್ತದೆ. ಕೈಯಲ್ಲಿ ಒಂದು ಮಿಲಿಮೀಟರ್ ಅನ್ನಿಸಿದ್ದು ನೂರರ ವೇಗದಲ್ಲಿ ಇಡೀ ಗಾಡಿಯ ಓಲಾಟ. ಕಮಾಂಡೋದ ಬಿಲ್ಲೆಗಳನ್ನು ನೆನೆಸಿಕೊಳ್ಳಿ. ಹಿಂದಿನ ಎರಡೂ ಶಾಕ್‌ಗಳು ಒಂದೇ ಸಮ ಇವೆಯಾ, ಎಣ್ಣೆ ಸೋರಿದೆಯಾ ಅಂತಲೂ ನೋಡಿ.

ಆರನೆಯದು ಸಾಲು. ಒಂದು ದಾರವನ್ನು ಹಿಂದಿನ ಟೈರಿನಿಂದ ಮುಂದಿನ ಟೈರಿನವರೆಗೆ ಎರಡೂ ಕಡೆ ಎಳೆದು ಹಿಡಿದರೆ ಎರಡು ಚಕ್ರ ಒಂದೇ ಸಾಲಿನಲ್ಲಿವೆಯಾ ತಿಳಿಯುತ್ತದೆ. ಚೈನ್ ಬಿಗಿ ಮಾಡುವಾಗ ಒಂದು ಕಡೆ ಹೆಚ್ಚು ಎಳೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಇಷ್ಟಾದರೂ ಸಿಗದಿದ್ದರೆ ಆಮೇಲೆ ಫ್ರೇಮ್ ಬಾಗಿದೆಯಾ ಅನ್ನುವ ದೊಡ್ಡ ಅನುಮಾನ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಈ ಅನುಮಾನಕ್ಕೆ ಬೆಲೆ ಹೆಚ್ಚು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ನಮ್ಮಲ್ಲಿ ಪ್ರೋಗ್ರಾಮ್ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಕಡೆ ಒಟ್ಟಿಗೆ ಕೈ ಹಾಕಿದರೆ ನಡುಕ ಹೋದರೂ ಯಾಕೆ ಹೋಯಿತು ಅಂತ ತಿಳಿಯುವುದಿಲ್ಲ. ಯಾಕೆ ಅಂತ ತಿಳಿಯದೆ ಹೋದದ್ದು ಯಾವಾಗ ಬೇಕಾದರೂ ಮರಳಿ ಬರುತ್ತದೆ.

ಓಡುವಾಗಲೇ ನಡುಕ ಶುರುವಾದರೆ? ಬ್ರೇಕ್ ತುಳಿಯಬೇಡಿ, ಮುಂದಿನದನ್ನಂತೂ ಹಿಡಿಯಲೇಬೇಡಿ. ಹ್ಯಾಂಡಲ್ ಜೊತೆ ಕುಸ್ತಿ ಬೇಡ. ಮೊಣಕಾಲಿನಿಂದ ಟ್ಯಾಂಕ್ ಅವುಚಿ, ಮೈಯನ್ನು ಮುಂದಕ್ಕೆ ಬಾಗಿಸಿ, ಕೈ ಸಡಿಲ ಬಿಟ್ಟು, ಆಕ್ಸಿಲರೇಟರ್ ಮೆಲ್ಲಗೆ ಇಳಿಸಿ. ಹೇಳುವುದು ಸುಲಭ, ಗೊತ್ತು. ಅದಕ್ಕೇ ಮನೆ ಬಿಡುವ ಮೊದಲೇ ನೋಡಿಕೊಳ್ಳುವುದು ವಾಸಿ.

*

ಈ ನೂರಿಪ್ಪತ್ತೈದು ವರ್ಷಗಳ ಕತೆಯನ್ನು ಒಟ್ಟಿಗೆ ನೋಡಿದರೆ ನನಗೆ ಕಾಣುವುದು ಇಷ್ಟು. ಮೊದಲು ಬೈಸಿಕೊಂಡವನು ಸವಾರ. ಆಮೇಲೆ ಫ್ರೇಮ್ ಸಿಕ್ಕಿಬಿತ್ತು, ಆಮೇಲೆ ಟೈರು, ಆಮೇಲೆ ಬುಷ್ಷು, ಕೊನೆಗೆ ಹೇರಿದ ಸಾಮಾನು. ಪ್ರತಿ ಹೆಜ್ಜೆಯಲ್ಲೂ ಯಾರೋ ಒಬ್ಬರು ‘ಅವನ ತಪ್ಪು’ ಅನ್ನುವ ಉತ್ತರಕ್ಕೆ ಒಪ್ಪದೆ ಇನ್ನೊಂದು ಪ್ರಶ್ನೆ ಕೇಳಿದ್ದಾರೆ. ಗಾಡಿ ಇವತ್ತು ಮೊದಲಿಗಿಂತ ನೆಟ್ಟಗೆ ಓಡುತ್ತಿರುವುದು ಆ ಪ್ರಶ್ನೆಗಳಿಂದ.

ಹಾಗಂತ ಸವಾರನ ತಪ್ಪೇ ಇರುವುದಿಲ್ಲ ಅಂತಲ್ಲ. ವೇಗ, ಕುಡಿತ, ನಿದ್ದೆ ಎಲ್ಲ ಇವೆ. ಆದರೆ ವೇಗ ಕಾರಣವೋ, ಇದ್ದ ರೋಗವನ್ನು ಹೊರತಂದ ನೆಪವೋ ಅಂತ ತಿಳಿಯಬೇಕಾದರೆ ಗಾಡಿಯನ್ನು ನೋಡಲೇಬೇಕು. ನೋಡದೆ ಬರೆದ ಷರಾ ಬಿದ್ದವನಿಗೂ ಅನ್ಯಾಯ, ಅದೇ ಸವೆದ ಬುಷ್ ಹಾಕಿಕೊಂಡು ನಾಳೆ ಹೊರಡುವವನಿಗೂ ಅನ್ಯಾಯ.

ನಿಮ್ಮ ಊರಿನಲ್ಲೂ ಇಂಥ ಮೆಕ್ಯಾನಿಕ್‌ಗಳು ಇದ್ದೇ ಇರುತ್ತಾರೆ. ಶಿವಮೊಗ್ಗದಲ್ಲೋ, ಹುಬ್ಬಳ್ಳಿಯಲ್ಲೋ, ಪುತ್ತೂರಿನಲ್ಲೋ. ಅವರು ಗಾಡಿಯನ್ನು ಕೇಳುವ ಮೊದಲ ಪ್ರಶ್ನೆ ಯಾವುದು? ಒಮ್ಮೆ ಹೋದಾಗ ಕಿವಿಗೊಟ್ಟು ಕೇಳಿ, ಬರೆದಿಡಿ. ಎಂಜಿನಿಯರುಗಳ ಪ್ರಬಂಧಗಳು ಎಲ್ಲೂ ಹೋಗುವುದಿಲ್ಲ, ಲೈಬ್ರರಿಯಲ್ಲಿ ಸಿಗುತ್ತವೆ. ಇವರ ಮಾತು ನಾವು ಬರೆಯದಿದ್ದರೆ ಗ್ರೀಸ್ ಬಟ್ಟೆಯ ಜೊತೆಗೇ ಹೋಗಿಬಿಡುತ್ತದೆ.

ಈ ಶನಿವಾರ ಹೊರಡುವವರಿದ್ದರೆ, ಶುಕ್ರವಾರ ಸಂಜೆ ಒಂದು ಅರ್ಧ ಗಂಟೆ ಗಾಡಿಯ ಪಕ್ಕ ಕೂತುಕೊಳ್ಳಿ. ಅಷ್ಟೇ ಕೇಳುವುದು.